ಪಾರ್ಸೆಲ್‌ನಲ್ಲಿ ಬಂದ ಹಳೇ ತ್ರೀ ನಾಟ್ ತ್ರೀ (.303) ರೈಫಲ್, ಬಟ್ (ಭುಜಕ್ಕೆ ಒತ್ತುವ ಹಿಂದಿನ ಮರ) ಸೀಳಿದೆ. ಅಂಟಿಸಲಾ, ಬೇರೆ ಮರ ಹಾಕಲಾ?

ಸಕಲೇಶಪುರದವನು (ಈಗ ಒಹಾಯೋ):

ಎಲ್ಲರಿಗೂ ನಮಸ್ಕಾರ. ಬುಧವಾರದಿಂದ ತಲೆ ಕೆಟ್ಟು ಕೂತಿದ್ದೇನೆ. ಮರಗೆಲಸ ಬಲ್ಲವರು, ಹಳೇ ಕೋವಿ ಇಟ್ಟುಕೊಂಡವರು ಇದ್ದರೆ ದಾರಿ ಹೇಳಿ.

ನಮ್ಮಜ್ಜ ರಿಸರ್ವ್ ಪೊಲೀಸಿನಲ್ಲಿದ್ದರು. ಅವರ ಬಾಯಲ್ಲಿ ರೈಫಲ್ ಅನ್ನೋ ಮಾತೇ ಇರಲಿಲ್ಲ, ಬರೀ ‘ತ್ರೀ ನಾಟ್ ತ್ರೀ’. ಬೇಸಿಗೆ ರಜೆಗೆ ಹೋದಾಗ ಬನಿಯನ್ ಸರಿಸಿ ಬಲಭುಜ ತೋರಿಸಿ, “ಇಲ್ಲೇ ಒದೀತಿತ್ತು ನೋಡು” ಅನ್ನುತ್ತಿದ್ದರು. ನಾನು ಇಲ್ಲಿ ಸಿಟಿಜನ್ ಆದ ಮೇಲೆ ಅಂಥದ್ದೊಂದು ಇಟ್ಟುಕೊಳ್ಳುವ ಆಸೆ ಹತ್ತಿತು. 50 ವರ್ಷ ದಾಟಿದ ಬಂದೂಕುಗಳಿಗೆ ಕಲೆಕ್ಟರ್ ಲೈಸೆನ್ಸ್ ಇದೆಯಲ್ಲ, 3 ವರ್ಷಕ್ಕೆ 30 ಡಾಲರ್, ಅದನ್ನೂ ಮಾಡಿಸಿದೆ. ಎರಡು ವರ್ಷ ಹುಡುಕಿದ ಮೇಲೆ ಬೇರೆ ರಾಜ್ಯದವರೊಬ್ಬರ ಹತ್ತಿರ ಸಿಕ್ಕಿತು. ಬಂಗಾಳದ ಇಶಾಪುರ ಕಾರ್ಖಾನೆಯದ್ದು, 1944ರದ್ದು. ಕಬ್ಬಿಣದ ಮೇಲೆ ಕಿರೀಟ, ಅದರ ಕೆಳಗೆ ಜಿ.ಆರ್.ಐ. ಅನ್ನೋ ಅಕ್ಷರ, ಜಾರ್ಜ್ ದೊರೆಯ ಗುರುತು. ಮರಕ್ಕೆ ಹಳೇ ಹುಣಸೆಹಣ್ಣಿನ ಬಣ್ಣ.

ಬುಧವಾರ ಪಾರ್ಸೆಲ್ ಬಂತು. ಡಬ್ಬದ ಒಂದು ಮೂಲೆ ಜಜ್ಜಿಹೋಗಿ, ರಟ್ಟು ಹರಿದು, ಹಿತ್ತಾಳೆ ಪ್ಲೇಟಿನ ಮೂಲೆ ಹೊರಗೆ ಇಣುಕುತ್ತಿತ್ತು. ಅಲ್ಲೇ ಎದೆ ಧಸಕ್ ಅಂತು. ಒಳಗೆ ಎರಡು ನ್ಯೂಸ್‌ಪೇಪರ್ ಉಂಡೆ, ಅಷ್ಟೇ. ಬಟ್‌ನ ಮರ ಕಬ್ಬಿಣದ ತೋಳಿನೊಳಗೆ ಹೋಗುವ ಜಾಗದಿಂದ ಸುಮಾರು 4 ಇಂಚು ಉದ್ದಕ್ಕೆ ಸೀಳಿದೆ. ಕಿರುಬೆರಳಷ್ಟು ಚೂರೊಂದು ಬೇರೆಯೇ ಬಿದ್ದಿತ್ತು. ಮುಂದೆ, ಮೂತಿಯ ಮೇಲಿನ ಗುರಿಮುಳ್ಳನ್ನು ಕಾಯುವ ಎರಡು ಕಿವಿಗಳಲ್ಲಿ ಒಂದು ಒಳಕ್ಕೆ ಬಾಗಿದೆ. ನಳಿಗೆಗೆ ಏನೂ ಆದ ಹಾಗೆ ಕಾಣುವುದಿಲ್ಲ.

ಮನೆಯಲ್ಲಿ ಮರದ ಗೋಂದು ಇದೆ, ಕ್ಲಾಂಪ್ ಇದೆ. ಬಟ್ ಬಿಚ್ಚೋಣ ಅಂತ ಹಿಂದಿನ ಹಿತ್ತಾಳೆ ಪ್ಲೇಟಿನಲ್ಲಿರುವ ಪುಟ್ಟ ಬಾಗಿಲು ತೆಗೆದು, ಉದ್ದದ ಸ್ಕ್ರೂಡ್ರೈವರ್ ಬಿಟ್ಟು ಒಳಗಿನ ಬೋಲ್ಟ್ ತಿರುಗಿಸಿದೆ. ಕಾಲು ಸುತ್ತು ಬಂತು, ಆಮೇಲೆ ಬಿಗಿ. ಇನ್ನೂ ಜೋರು ಹಾಕಬಹುದಾ?

ಡೆಟ್ರಾಯಿಟ್ ಚಿಕ್ಕಪ್ಪ:

ಸುಮ್ನೆ ಯಾಕೆ ಒದ್ದಾಟ? ಹಳೇ ಬಟ್ ಬಿಡಿಯಾಗಿ ಸಿಗುತ್ತದೆ, ತರಿಸಿ ಹಾಕಿ.

ಭದ್ರಾವತಿ ಬಡಗಿ:

ತಮ್ಮಾ, ಸ್ಕ್ರೂಡ್ರೈವರ್ ಕೆಳಗಿಡು. ಮೊದಲು ಅದು.

ನಿನ್ನದು ತ್ರೀ ನಾಟ್ ತ್ರೀಯಲ್ಲೇ ನಂಬರ್ 1 ಮಾರ್ಕ್ 3 ಅನ್ನೋ ಮಾಡೆಲ್. ಅದರಲ್ಲಿ ಬಟ್ ಬೋಲ್ಟಿನ ತುದಿ ಚೌಕ ಇರುತ್ತದೆ. ಆ ಚೌಕ ತುದಿ ಮುಂದಿನ ಮರದ (ನಳಿಗೆಯ ಕೆಳಗಿನದು) ಹಿಂತುದಿಯಲ್ಲಿರುವ ಒಂದು ಪುಟ್ಟ ತಗಡಿನಲ್ಲಿ ಕೂತಿರುತ್ತದೆ, ಬೋಲ್ಟ್ ತಾನಾಗಿ ಸಡಿಲಾಗದಿರಲಿ ಅಂತ. ಮುಂದಿನ ಮರ ತೆಗೆಯದೆ ಬೋಲ್ಟ್ ತಿರುಗಿಸಿದರೆ ಆ ಚೌಕ ಸುತ್ತಿ ಮುಂದಿನ ಮರವನ್ನೂ ಸೀಳಿಬಿಡುತ್ತದೆ. ಒಂದು ಮರ ಹೋಗಿದ್ದು ಸಾಕು, ಅಲ್ವಾ? ಆಮೇಲೆ ಬಂದ ನಂಬರ್ 4 ಮಾಡೆಲ್‌ನಲ್ಲಿ ಈ ತಕರಾರಿಲ್ಲ. ವಿಡಿಯೋಗಳಲ್ಲಿ ಜಾಸ್ತಿ ತೋರಿಸುವುದು ಅದನ್ನೇ. ನೋಡಿದವರು ಇದನ್ನೂ ಹಾಗೇ ಬಿಚ್ಚಲು ಹೋಗುತ್ತಾರೆ.

ಹಾಗಾಗಿ ಮೊದಲು ಮುಂದಿನ ಮರ. ಕಿವಿಯ ಕ್ಯಾಪ್, ಪಟ್ಟಿಗಳು, ಮ್ಯಾಗಜೀನ್, ಟ್ರಿಗರ್ ಗಾರ್ಡ್, ಆಮೇಲೆ ಮರವನ್ನು ನೇರ ಕೆಳಕ್ಕೆ, ಎರಡೂ ಕಡೆ ಸಮ ಎಳೆ. ಓರೆ ಮಾಡಬೇಡ. ಒಳಗೆ ಎರಡು ಚಿಕ್ಕ ಸ್ಪ್ರಿಂಗ್ ಇವೆ, ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿಕೋ. ನಾನು ಒಂದನ್ನು ಹುಡುಕಲು ಇಡೀ ಕಾರ್ಪೆಟ್ ಎತ್ತಿದ್ದೇನೆ. ಬಟ್ ಬೋಲ್ಟಿನ ತಲೆ ಮೇಲೆ ಚರ್ಮದ ಬಿಲ್ಲೆ ಇರುತ್ತದೆ, ಅದನ್ನೂ ಹೊರಗೆ ತೆಗೆದಿರಬೇಕು.

ಇನ್ನೊಂದು ಮಾತು. ಗೋಂದು ಮುಟ್ಟುವ ಮುಂಚೆ ಸೀಳನ್ನು ನೋಡು, ಫೋಟೋ ತೆಗೆ. ಈಗ ಒಡೆದ ಮರ ಒಳಗೆ ತೆಳು ಬಣ್ಣದಲ್ಲಿ, ಒಣಗಿ ಕಾಣುತ್ತದೆ. ಹಳೇ ಸೀಳಾದರೆ ಎಣ್ಣೆ, ಕೊಳೆ ಇಳಿದು ಕಪ್ಪಾಗಿರುತ್ತದೆ. ಕೊರಿಯರ್‌ನವರು “ಅದು ಮೊದಲೇ ಒಡೆದಿತ್ತು” ಅಂತ ಹೇಳೇ ಹೇಳುತ್ತಾರೆ. ಅವರಿಗೆ ಉತ್ತರ ಆ ಬಣ್ಣವೇ. ಡಬ್ಬ, ನ್ಯೂಸ್‌ಪೇಪರ್ ಉಂಡೆ, ಲೇಬಲ್, ಏನನ್ನೂ ಬಿಸಾಡಬೇಡ. ಕ್ಲೈಮ್ ಸಾಮಾನ್ಯವಾಗಿ ಕಳಿಸಿದವರೇ ಹಾಕಬೇಕು, ಅವರಿಗೆ ಇವತ್ತೇ ಬರೆ. ಕ್ಲೈಮ್ ಮುಗಿಯುವವರೆಗೆ ರಿಪೇರಿ ಇಲ್ಲ.

ಚಿಕ್ಕಪ್ಪನವರು ಹೇಳಿದ ಹಾಗೆ ಬೇರೆ ಬಟ್ ಹಾಕಬಹುದು, ತಪ್ಪಿಲ್ಲ. ಆದರೆ ಅದೂ ತೋಳಿನೊಳಗೆ ಸುಮ್ಮನೆ ಕೂರುವುದಿಲ್ಲ, ಉಜ್ಜಿ ಕೂರಿಸಬೇಕು. ಎಂಬತ್ತು ವರ್ಷ ಒಟ್ಟಿಗಿದ್ದ ಮರ, ಕಬ್ಬಿಣ. ನಾನಾಗಿದ್ದರೆ ಅಂಟಿಸುತ್ತೇನೆ.

ಮರದ ಗೋಂದು ಈ ಎಣ್ಣೆ ಕುಡಿದ ಮರಕ್ಕೆ ಹಿಡಿಯುವುದಿಲ್ಲ. ಸೀಳಿನೊಳಗೆ ಅಸಿಟೋನ್ ಬಿಟ್ಟು ಒರೆಸು, ಮತ್ತೆ ಬಿಡು, ಮತ್ತೆ ಒರೆಸು, ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ. ಗ್ಯಾರೇಜ್ ಬಾಗಿಲು ತೆರೆದಿರಲಿ, ಹೀಟರ್ ಆರಿಸಿರು. ಪೂರ್ತಿ ಆರಿದ ಮೇಲೆ ನಿಧಾನ ಗಟ್ಟಿಯಾಗುವ ತೆಳು ಎಪಾಕ್ಸಿ ತಗೋ. 5 ನಿಮಿಷದ್ದು ಬೇಡ, ಅದು ಆಳಕ್ಕೆ ಇಳಿಯುವ ಮುಂಚೆಯೇ ಗಟ್ಟಿಯಾಗುತ್ತದೆ. ಹೇರ್ ಡ್ರೈಯರ್‌ನಿಂದ ಮರ ಬೆಚ್ಚಗೆ ಮಾಡಿ ಎಪಾಕ್ಸಿ ಸುರಿ. ಮರ ತಣ್ಣಗಾಗುತ್ತಾ ಅದನ್ನು ಒಳಗೆಳೆದುಕೊಳ್ಳುತ್ತದೆ. ಇದನ್ನು ಕಣ್ಣಾರೆ ನೋಡಬೇಕು, ಮೇಲೆ ನಿಂತ ಅಂಟು ಹಾಗೇ ಇಂಗಿಹೋಗುತ್ತದೆ.

ಬಟ್‌ನ ನಡುವೆ ಬೋಲ್ಟಿನ ಉದ್ದ ತೂತಿದೆ, ಮರೆಯಬೇಡ. ಅದರಲ್ಲಿ ಮೇಣ ಸವರಿದ ಕೋಲು ತುರುಕಿಡು, ಇಲ್ಲದಿದ್ದರೆ ಅಂಟು ಅಲ್ಲೇ ಕೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಹಳೇ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತು. ಈ ಸೊಂಟದ ಓರೆಗೆ ಕ್ಲಾಂಪ್ ಜಾರುತ್ತದೆ, ಟ್ಯೂಬ್ ಜಾರುವುದಿಲ್ಲ. 24 ಗಂಟೆ ಮುಟ್ಟಬೇಡ. ಆಮೇಲೆ ಬೇಕಿದ್ದರೆ ಮರೆಗಿರುವ ಜಾಗದಲ್ಲಿ ಎರಡು ತೆಳು ಹಿತ್ತಾಳೆ ಸರಳು ಕೂರಿಸು, ನಡುವಿನ ತೂತಿಗೆ ತಾಗದ ಹಾಗೆ.

ಸ್ಯಾಂಡ್‌ಪೇಪರ್ ಮಾತ್ರ ಬೇಡವೇ ಬೇಡ. ಮರದ ಮೇಲಿನ ಮುದ್ರೆ ಒಮ್ಮೆ ಹೋದರೆ ಹೋಯಿತು.

ಪೊನ್ನಂಪೇಟೆ:

ಓದಿ ಹೊಟ್ಟೆ ಉರಿಯಿತು ಮಾರಾಯ್ರೇ, ಎರಡು ಕಾರಣಕ್ಕೆ. ಒಂದು, ಬಟ್ ಒಡೆದಿದ್ದು. ಇನ್ನೊಂದು, ನಿಮಗೆ ತ್ರೀ ನಾಟ್ ತ್ರೀ ಮನೆಗೇ ಬರುತ್ತದೆ! ಇಲ್ಲಿ ಭಾರತದಲ್ಲಿ ಆ ಬೋರ್ (ನಳಿಗೆಯ ಅಳತೆ) ಸಾಮಾನ್ಯ ಜನಕ್ಕೆ ಇಲ್ಲ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿಯವರಿಗೆ (ವಂಶಪಾರಂಪರ್ಯ ಜಮೀನಿನವರು) ಲೈಸೆನ್ಸ್ ವಿನಾಯಿತಿ ಇದೆ ನಿಜ, ಆದರೆ ಆ ಬೋರ್ ನಮಗೂ ಇಲ್ಲ. ಅದೇ ಇಶಾಪುರದವರು ನಾಗರಿಕರಿಗೆ ಅಂತ .315 ಮಾಡಿದರು, ನೋಡಲು ನಿಮ್ಮದರ ತಮ್ಮನ ಹಾಗೆ.

ನಮ್ಮ ಮನೆಯ ಕೇಪಿನ ಕೋವಿಯ ಮರ ಒಮ್ಮೆ ಒಡೆದಿತ್ತು. ಪಾರ್ಸೆಲ್ ಅಲ್ಲ, ನಮ್ಮ ಚಿಕ್ಕಪ್ಪ ಜೀಪಿನ ಬಾಗಿಲಿಗೆ ಸಿಕ್ಕಿಸಿದ್ದು. ಆಚಾರಿ ಹಿತ್ತಾಳೆ ತಗಡು ಸುತ್ತಿ ಮೊಳೆ ಹೊಡೆದು ಕೊಟ್ಟರು. ಚಂದ ಇಲ್ಲ, ಗಟ್ಟಿ ಇದೆ. ಪ್ರತಿ ವರ್ಷ ಕೈಲ್‌ಪೊಳ್ದ್‌ಗೆ (ನಮ್ಮ ಆಯುಧಪೂಜೆ ಹಬ್ಬ) ತೋಕ್‌ಪೂ, ಅಂದರೆ ಕೋವಿಹೂ, ಸಿಕ್ಕಿಸುವುದು ಆ ತಗಡಿನ ಸಂದಿಗೇ.

ಸಕಲೇಶಪುರದವನು (ಈಗ ಒಹಾಯೋ):

ಬಡಗಿ ಸರ್, ಕೈ ಮುಗಿದೆ. ಆ ಕಾಲು ಸುತ್ತು ನೆನೆದರೆ ಈಗಲೂ ಬೆವರುತ್ತದೆ. ಇನ್ನೊಂದು ಕೇಳುತ್ತೇನೆ. ನಿಮಗೇ ಕಳಿಸಿದರೆ ಮಾಡಿಕೊಡುತ್ತೀರಾ? ಬಂದೂಕು ಮತ್ತೆ ಪಾರ್ಸೆಲ್ ಹಾಕಲು ಭಯ, ಕಾನೂನೂ ನೋಡಬೇಕಲ್ಲ.

ಭದ್ರಾವತಿ ಬಡಗಿ:

ಇಡೀ ಬಂದೂಕು ಯಾಕೆ? ಅಮೆರಿಕದ ಕಾನೂನಿನ ಲೆಕ್ಕದಲ್ಲಿ ಬಂದೂಕು ಅಂದರೆ ನಂಬರ್ ಹೊಡೆದಿರುವ ಆ ಕಬ್ಬಿಣದ ದೇಹ. ಬಟ್ ಬರೀ ಮರದ ತುಂಡು, ಕುರ್ಚಿಯ ಕಾಲು ಇದ್ದ ಹಾಗೆ. ಅಮೆರಿಕದೊಳಗೆ ಮಾಮೂಲಿ ಪಾರ್ಸೆಲ್‌ನಲ್ಲಿ ಕಳಿಸಬಹುದು. ಆದರೆ ನೀನೇ ಮಾಡು, ಬರುತ್ತದೆ. ಬಾಗಿದ ಕಿವಿ ಮಾತ್ರ ಸುತ್ತಿಗೆಯಲ್ಲಿ ಬಡಿಯಬೇಡ, ಗನ್‌ಸ್ಮಿತ್‌ಗೆ ಕೊಡು. ಅವರ ಹತ್ತಿರ ಹೋದಾಗ ಹೆಡ್‌ಸ್ಪೇಸ್ ಗೇಜ್ (ತೋಟೆ ಕೂರುವ ಜಾಗದ ಸಂದು ಅಳೆಯುವುದು) ಹಾಕಿಸಿ, ಬಟ್ ಬೋಲ್ಟ್ ಅಲ್ಲ, ತೋಟೆಯ ಹಿಂದೆ ಮುಚ್ಚುವ ಬೋಲ್ಟಿನ ನಂಬರೂ ದೇಹದ ನಂಬರೂ ಒಂದೇನಾ ನೋಡಿಸು. ಅದಾಗದೆ ತೋಟೆ ತುಂಬಬೇಡ.

ಸಕಲೇಶಪುರದವನು (ಈಗ ಒಹಾಯೋ):

ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಮುಂದಿನ ಮರ ತೆಗೆದೆ. ಹಿಂತುದಿಯಲ್ಲಿ, ಆ ತಗಡಿನ ಪಕ್ಕದಲ್ಲಿ, ಕೂದಲೆಳೆಯಷ್ಟು ಒಂದು ಬಿರುಕಿತ್ತು. ಜೀವ ಬಾಯಿಗೆ ಬಂತು. ಟಾರ್ಚ್ ಹಾಕಿ ನೋಡಿದರೆ ಒಳಗೆಲ್ಲ ಕಪ್ಪು! ನನ್ನದಲ್ಲ, ನನಗಿಂತ ಮುಂಚೆ ಯಾರೋ ಇದೇ ತಪ್ಪು ಮಾಡಿದ್ದಾರೆ. ಬಟ್‌ನ ಸೀಳು ಮಾತ್ರ ಆಗ ಸುಲಿದ ಹಲಸಿನ ಬೀಜದ ಹಾಗೆ ತೆಳು ಬಣ್ಣದಲ್ಲಿತ್ತು. ಕೊರಿಯರ್‌ನವರು ನೀವು ಹೇಳಿದ ಮಾತನ್ನೇ ಅಕ್ಷರ ಬಿಡದೆ ಹೇಳಿದರು, ಮೊದಲೇ ಒಡೆದಿತ್ತು ಅಂತ. ಎರಡೂ ಬಿರುಕಿನ ಫೋಟೋ ಅಕ್ಕಪಕ್ಕ ಇಟ್ಟು ಕಳಿಸಿದೆವು. ಎರಡು ವಾರ ಸುಮ್ಮನಿದ್ದು, ಆಮೇಲೆ ಕೇಳಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರು. ಮಾರಿದವರು ಪಾಪ, ಅದನ್ನು ಪೂರ್ತಿ ನನಗೇ ಕಳಿಸಿದರು.

ಅಸಿಟೋನ್ ಹನ್ನೊಂದು ಸಲ ಬಿಟ್ಟೆ. ಎಪಾಕ್ಸಿ ಇಂಗಿಹೋಗುವುದನ್ನು ಮಗಳನ್ನು ಕರೆದು ತೋರಿಸಿದೆ. ಸೈಕಲ್ ಟ್ಯೂಬ್ ಅವಳದ್ದೇ. ಆ ಚೂರನ್ನು ಕೂರಿಸಿದ ಕಡೆ ಬೆರಳಾಡಿಸಿದರೆ ಗೊತ್ತಾಗುತ್ತದೆ, ಕಣ್ಣಿಗೆ ಅಷ್ಟು ಕಾಣುವುದಿಲ್ಲ. ಕಿವಿ ಇನ್ನೂ ಗನ್‌ಸ್ಮಿತ್ ಹತ್ತಿರ ಇದೆ, ಗೇಜೂ ಅವರೇ ಹಾಕುತ್ತಾರೆ. ಈಗ ಅಗಸೆ ಎಣ್ಣೆ ಹಚ್ಚುತ್ತಿದ್ದೇನೆ, ಅಂಗೈಯಲ್ಲಿ ಉಜ್ಜಿ.

ಭದ್ರಾವತಿ ಬಡಗಿ:

ಶಭಾಷ್. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ, ಅಗಸೆ ಎಣ್ಣೆಯ ಬಟ್ಟೆ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸು, ಇಲ್ಲ ನೀರಿನಲ್ಲಿ ನೆನೆಸಿಡು. ಅಲ್ಲಿ ಈಗ ಚಳಿ, ಎಣ್ಣೆ ಒಣಗಲು ದಿನ ಜಾಸ್ತಿ ಬೇಕು. ಒಂದು ಕೈ ಪೂರ್ತಿ ಒಣಗದೆ ಇನ್ನೊಂದು ಹಚ್ಚಬೇಡ, ಅಂಟಂಟಾಗುತ್ತದೆ.

ಸಕಲೇಶಪುರದವನು (ಈಗ ಒಹಾಯೋ):

ಆಗಲಿ ಸರ್. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, ಮುಂದಿನ ಆಯುಧಪೂಜೆಗೆ ಅರಿಶಿನ ಕುಂಕುಮ ಇಡು ಅಂದರು. ಇಡಬಹುದಾ?

ಪೊನ್ನಂಪೇಟೆ:

ಮರಕ್ಕೆ ಇಡಬೇಡಿ, ಎಣ್ಣೆಮರ ಅರಿಶಿನ ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ. ಹಿಂದಿನ ಹಿತ್ತಾಳೆ ಪ್ಲೇಟಿಗೆ ಇಡಿ.