ಅಪ್ಪ ಮಲೆನಾಡಿನ ಮಳೆ ನೋಡಬೇಕಂತೆ, ಯಾವಾಗ ಕರೆಸಲಿ?

ಎರೆಹೊಲ:

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ, ಇಂಡಿ ತಾಲ್ಲೂಕು. ಬ್ಯಾಂಕ್ ಕೆಲಸಕ್ಕೆಂದು ತೀರ್ಥಹಳ್ಳಿಗೆ ಬಂದಿದ್ದೇನೆ. ಕಳೆದ ವರ್ಷದ ಮಳೆಗಾಲ ಪೂರ್ತಿ ಇಲ್ಲೇ ಕಳೆಯಿತು. ಈ ಸಲ ಅಪ್ಪ, ಅವ್ವ ಇಬ್ಬರೂ ಬಂದು ಕೆಲವು ದಿನ ಇರುತ್ತೇವೆ ಎಂದಿದ್ದಾರೆ. ಊರು ನೋಡಬೇಕು, ದೇವಸ್ಥಾನ ನೋಡಬೇಕು ಅಂತಲ್ಲ. ಅಪ್ಪನಿಗೆ ಮಲೆನಾಡಿನ ಮಳೆ ನೋಡಬೇಕಂತೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ, ಯಾವ ಮಳೆಗೆ ಕರೆಸಿದರೆ ಒಳ್ಳೆಯದು?

ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಲ್ಲದಿದ್ದರೆ ಇದೊಂದು ಪ್ರವಾಸದ ಪ್ರಶ್ನೆ ಅನ್ನಿಸಬಹುದು.

ಅಪ್ಪ ರಾತ್ರಿ ಊಟ ಮುಗಿಸಿ ಫೋನ್ ಮಾಡಿದರೆ ಮೊದಲ ಮಾತೇ "ಮಳಿ ಆತೇನು?" ಉಂಡೆಯಾ, ಆರಾಮಿದ್ದೀಯಾ ಎಲ್ಲ ಆಮೇಲೆ. ಕಳೆದ ಜುಲೈಯಲ್ಲಿ ನಾನು "ಮೂರು ದಿನದಿಂದ ನಿಂತೇ ಇಲ್ಲಪ್ಪ" ಎಂದರೆ ಆ ಕಡೆಯಿಂದ "ಚಲೋ ಆತ್ ಬಿಡು" ಅಂತ ಬರುತ್ತಿತ್ತು. ಆ ದನಿಯಲ್ಲಿ ಎಂಥ ಖುಷಿ ಗೊತ್ತಾ? ಇಲ್ಲಿ ನನ್ನ ಬಟ್ಟೆ ಒಣಗಿಲ್ಲ, ಚಪ್ಪಲಿಗೆ ಬೂಸ್ಟು ಬಂದಿದೆ, ತುಂಗೆ ಏರಿ ರಾಮಮಂಟಪ ಮುಳುಗಿದೆ ಅಂತ ಜನ ಸೇತುವೆ ಮೇಲೆ ನಿಂತು ನೋಡುತ್ತಿದ್ದಾರೆ. ಅದೇ ಹೊತ್ತಿಗೆ ನಮ್ಮ ಊರಲ್ಲಿ ಗಾಳಿ ಮಾತ್ರ. ಜೂನ್, ಜುಲೈಯಲ್ಲಿ ನಮ್ಮ ಕಡೆ ಮೋಡ ಬರುವುದಿಲ್ಲ ಅಂತಲ್ಲ. ಬರುತ್ತವೆ, ದಂಡುದಂಡಾಗಿ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತವೆ, ನಿಲ್ಲುವುದಿಲ್ಲ. ಘಟ್ಟ ಹತ್ತುವಾಗಲೇ ನೀರೆಲ್ಲ ಇಲ್ಲಿ ಸುರಿದುಬಿಟ್ಟಿರುತ್ತವಲ್ಲ, ನಮಗೆ ಉಳಿಯುವುದು ಗಾಳಿ ಮತ್ತು ನೆರಳು. ವರ್ಷವಿಡೀ ಸೇರಿಸಿದರೂ ನಮ್ಮ ಜಿಲ್ಲೆಯಲ್ಲಿ ಸುಮಾರು 600 ಮಿಲಿಮೀಟರ್. ಇದೇ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ದಾಟುತ್ತದೆ. ಎರಡೂ ಒಂದೇ ರಾಜ್ಯ, ಒಂದೇ ಪಂಚಾಂಗ, ಅದೇ ರೋಹಿಣಿ, ಅದೇ ಮೃಗಶಿರ.

ನಮ್ಮ ನಿಜವಾದ ಮಳೆ ಸೆಪ್ಟೆಂಬರ್‌ನದು. ಉತ್ತರೆ, ಹಸ್ತ ಚೆನ್ನಾಗಿ ಆದರೆ ಎರೆಭೂಮಿ ನೀರು ಕುಡಿದು ಇಟ್ಟುಕೊಳ್ಳುತ್ತದೆ. ಆಗ ಹಿಂಗಾರಿ ಜೋಳ ಬಿತ್ತುವುದು. ಆಮೇಲೆ ಒಂದು ಹನಿ ಬೀಳದಿದ್ದರೂ ಮಣ್ಣಿನ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲಿ ಜೋಳ ಎದ್ದು ನಿಲ್ಲುತ್ತದೆ. ಹಾಗಾಗಿ ಬೇರೆಯವರಿಗೆ ಬೆಳೆ ಬರುವ ಕಾಲ ಮಳೆಗಾಲವಾದರೆ ನಮಗೆ ಚಳಿಗಾಲ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ, ಅಂದರೆ ಭೂತಾಯಿಗೆ ನೈವೇದ್ಯ, ಚೆಲ್ಲುವಾಗ ಜೋಳ ನಮ್ಮ ಎದೆಮಟ್ಟ ಇರುತ್ತದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿರುತ್ತೇವೆ. ಆಮೇಲೆ ಸೀತನಿ. ಹಾಲುದುಂಬಿದ ತೆನೆ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ ತಿನ್ನಬೇಕು. ನನ್ನ ಮಟ್ಟಿಗೆ ವರ್ಷದ ಅತಿ ಒಳ್ಳೆಯ ದಿನಗಳು ಅವು.

ಬೇಸಿಗೆ ಮಾತ್ರ ಕೇಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜೊತೆ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಗಳ ಸಮಯವನ್ನೇ ಬದಲಿಸುತ್ತಾರೆ, ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಇಲ್ಲಿನ ನನ್ನ ಸಹೋದ್ಯೋಗಿಗಳಿಗೆ ಅದನ್ನು ಹೇಳಿದಾಗ ನಂಬಲೇ ಇಲ್ಲ. ಇಲ್ಲಿ ಏಪ್ರಿಲ್ ಎಂದರೆ ಮದುವೆ, ನೆಂಟರು, ಹಲಸಿನ ಹಪ್ಪಳ.

ಅಪ್ಪನ ಆಸೆ ಸುಮ್ನೆ ಅಲ್ಲ. ಬದುಕಿಡೀ ಆಕಾಶ ನೋಡಿದವರು. ಬೇಡುವುದಕ್ಕೆ ಮುಂಚೆಯೇ ಬೀಳುವ ಮಳೆ ಹೇಗಿರುತ್ತದೆ ಅಂತ ಒಮ್ಮೆ ನೋಡಬೇಕು ಅವರಿಗೆ. ತೊಗರಿ ಬಿತ್ತಿ ಎಡೆ ಹೊಡೆದ ಮೇಲೆ ಸ್ವಲ್ಪ ಬಿಡುವು. ಹಿಂಗಾರಿ ಬಿತ್ತನೆಗೆ ಮಾತ್ರ ವಾಪಸ್ ಊರಲ್ಲಿರಲೇಬೇಕು. ಅವ್ವನಿಗೆ ಮೊಣಕಾಲು ನೋವಿದೆ, ಥಂಡಿ ಆಗಿಬರುವುದಿಲ್ಲ. ಇನ್ನೊಂದು, ಕಟಕ ರೊಟ್ಟಿ, ಅಂದರೆ ಗರಿಗರಿ ಒಣ ರೊಟ್ಟಿ. ಊರಿಂದ ತಂದದ್ದು ಇಲ್ಲಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಶೇಂಗಾ ಚಟ್ನಿಪುಡಿಯೂ ಗಂಟು ಕಟ್ಟುತ್ತದೆ. ಅವ್ವ ಕೇಳಿದರೆ ಏನು ಹೇಳಲಿ?

ನಿಮ್ಮ ನಿಮ್ಮ ಊರಲ್ಲಿ ಕಾಲಗಳು ಹೇಗೆ ಅನ್ನುವುದನ್ನೂ ಬರೆಯಿರಿ. ಅಪ್ಪನಿಗೆ ಓದಿ ಹೇಳುತ್ತೇನೆ, ಬಹಳ ಇಷ್ಟಪಡುತ್ತಾರೆ.

ಅಡಿಕೆಸೋಗೆ:

ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲೇ ನಮ್ಮ ತೋಟ. ಪುಷ್ಯ ಮಳೆಗೆ ಕರೆಸಿ. ಜುಲೈ 20ರ ಹೊತ್ತಿಗೆ ಹಿಡಿದರೆ ಆಗಸ್ಟ್ ಮೊದಲವರೆಗೆ ಇರುತ್ತದೆ. ಆರಿದ್ರೆಯಲ್ಲಿ ಮಳೆ ಇನ್ನೂ ಆಟ ಆಡುತ್ತಿರುತ್ತದೆ. ಪುಷ್ಯದ ಹೊತ್ತಿಗೆ ಭೂಮಿ ತುಂಬಿ, ಧರೆಯಿಂದ ಜಲ ಎದ್ದು, ಅಂಗಳದಲ್ಲೇ ಹಳ್ಳ ಹರಿಯುತ್ತದೆ. ನೋಡಬೇಕಾದ್ದು ಅದನ್ನು.

ಆದರೆ ನಿಮ್ಮಪ್ಪನಿಗೆ ಒಂದು ಮಾತು ಹೇಳಿ. ಇಲ್ಲೂ ನಾವು ಆಕಾಶ ನೋಡಿಕೊಂಡೇ ಇರುತ್ತೇವೆ, ಮಳೆ ನಿಲ್ಲಲಿ ಅಂತ. ಅಡಿಕೆಗೆ ಕೊಳೆ ರೋಗ ಬರುತ್ತದೆ, ಎಳೆ ಕಾಯಿ ಕೊಳೆತು ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಅದಕ್ಕೆ ಬೋರ್ಡೊ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಕೂರುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಈ ಎರಡನೆಯದೇ ಕಷ್ಟ. ಗೊನೆ ಒಣಗಿರಬೇಕು, ಹೊಡೆದ ಮೇಲೂ ಒಂದಷ್ಟು ಗಂಟೆ ಹೊಳವು, ಅಂದರೆ ಮಳೆಯ ಬಿಡುವು, ಸಿಗಬೇಕು. ಬೆಳಿಗ್ಗೆ ಎದ್ದು ಗುಡ್ಡದ ಕಡೆ ನೋಡುವುದು, ಬಿಳಿ ಕಾಣಿಸಿದರೆ ಕೆಲಸದವರಿಗೆ ಫೋನ್ ಮಾಡುವುದು, ಅವರು ಬರುವಷ್ಟರಲ್ಲಿ ಮತ್ತೆ ಕತ್ತಲೆ. ಮೊದಲು ಮರ ಹತ್ತುವವರನ್ನೇ ಕಾಯಬೇಕಿತ್ತು. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ, ನೆಲದಲ್ಲೇ ನಿಂತು ಹೊಡೆಯುತ್ತಾರೆ. ಅದರಿಂದ ಜೀವ ಉಳಿದಿದೆ.

ಹಾಗಂತ ಮಳೆ ಬಾರದಿದ್ದರೆ ಸುಖ ಅಂತಲ್ಲ. 2023ರ ಆಗಸ್ಟ್ ನೆನಪಿದೆಯಾ? ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಆಗಸ್ಟ್‌ನಲ್ಲಿ ತೋಟದ ಕಪ್ಪಿನಲ್ಲಿ, ಅಂದರೆ ಬಸಿಗಾಲುವೆಯಲ್ಲಿ, ನೀರು ಹರಿಯದಿರುವುದನ್ನು ನೋಡಿ ಹೆದರಿಕೆ ಆಯಿತು.

ನಮ್ಮ ಮಳೆಗಾಲ ಶುರುವಾಗುವುದೇ ಮೇ ತಿಂಗಳಲ್ಲಿ. ಸೌದೆ ಕೊಟ್ಟಿಗೆ ತುಂಬಬೇಕು, ಹಪ್ಪಳ ಸಂಡಿಗೆ ಒಣಗಬೇಕು, ಅಂಗಳದ ಕಾಲುದಾರಿಗೆ ಸೋಗೆ ಹಾಸಬೇಕು. ಇಲ್ಲದಿದ್ದರೆ ಹಾವಸೆ ಮೇಲೆ ಜಾರಿ ಸೊಂಟ ಮುರಿಯುತ್ತದೆ. ಅವ್ವನ ಮೊಣಕಾಲಿಗೆ ಇದನ್ನು ಮುಖ್ಯವಾಗಿ ನೋಡಿಕೊಳ್ಳಿ. ಬಚ್ಚಲು ಒಲೆ ಇರುವ ಮನೆಯಾದರೆ ಹಂಡೆ ಮೇಲೆ ಹಗ್ಗ ಕಟ್ಟಿ, ಬಟ್ಟೆ ಅಲ್ಲೇ ಒಣಗುತ್ತದೆ, ಹೊಗೆ ವಾಸನೆ ಬಂದರೂ ಅಡ್ಡಿಯಿಲ್ಲ. ರೊಟ್ಟಿಯನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿ ಒಲೆ ಮೇಲಿನ ಅಟ್ಟದಲ್ಲಿಡಿ. ನಾವು ಹಪ್ಪಳ ಇಡುವುದು ಹಾಗೇ.

ಮಲ್ಪೆ ದೋಣಿ:

ನಮ್ಮ ಕಡೆ ಮಳೆಗಾಲ ಎಂದರೆ ಬೋಟು ದಡದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಸಮಯ, ಕಡಲೂ ಪ್ರಕ್ಷುಬ್ಧ. ಬಂದರಿನಲ್ಲಿ ಒಂದಕ್ಕೊಂದು ತಾಗಿ ಬೋಟುಗಳು ನಿಂತಿರುತ್ತವೆ, ಹುಡುಗರು ಬಲೆ ಹೊಲಿಯುತ್ತಿರುತ್ತಾರೆ. ನಾಡದೋಣಿಯವರಿಗೆ ಮಾತ್ರ ತೂಫಾನ್ ಆಗಿ ಕಡಲು ಇಳಿದ ಮೇಲೆ ಒಳ್ಳೆಯ ಮೀನು ಸಿಗುತ್ತದೆ.

ಜುಲೈ ನಡುವಿನಿಂದ ಆಟಿ ತಿಂಗಳು. ಹಿಂದೆ ಇದು ಹಸಿವಿನ ತಿಂಗಳು. ಗದ್ದೆ ಕೆಲಸ ಮುಗಿದಿರುತ್ತಿತ್ತು, ಮನೆಯ ಅಕ್ಕಿ ಖಾಲಿ. ತಜಂಕ್ ಸೊಪ್ಪು, ಕೆಸುವಿನ ಎಲೆ, ಕಣಿಲೆ (ಎಳೆ ಬಿದಿರು), ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಇದರಲ್ಲೇ ದಿನ ದೂಡುತ್ತಿದ್ದರು. ಈಗ ಅದನ್ನೇ ಹಬ್ಬ ಮಾಡಿ ಊಟ ಬಡಿಸುತ್ತಾರೆ. ಬಡಿಸಲಿ, ಒಳ್ಳೆಯದೇ. ಆದರೆ ನನ್ನ ಅಜ್ಜಿ ಆಟಿ ಅಂದಾಗ ಅವರ ಮುಖದಲ್ಲಿ ಹಬ್ಬ ಇರಲಿಲ್ಲ, ಅದನ್ನು ಮಕ್ಕಳಿಗೆ ಹೇಳಬೇಕು ಅಂತ ನನ್ನ ಆಸೆ. ಆಟಿ ಅಮಾವಾಸ್ಯೆ ದಿನ ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ತಂದು, ಕಷಾಯ ಮಾಡಿ ಕುಡಿಯುತ್ತೇವೆ. ಕತ್ತಿ ತಾಗಿಸುವುದಿಲ್ಲ. ಕಹಿ ಅಂದರೆ ಕಹಿ. ಆಮೇಲೆ ಮೆಂತೆ ಗಂಜಿ.

ನಿಮ್ಮಪ್ಪ ಬಂದರೆ ಘಟ್ಟ ಇಳಿದು ಇಲ್ಲಿಗೂ ಕರೆದುಕೊಂಡು ಬನ್ನಿ. ಮಳೆ ಕಡಲಿನ ಮೇಲಿಂದ ಗೋಡೆಯ ಹಾಗೆ ನಡೆದು ಬರುವುದನ್ನು ದಡದಿಂದ ನೋಡಬಹುದು. ಆದರೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು, ವಿಚಾರಿಸಿಕೊಂಡು ಹೊರಡಿ. ಮತ್ತೆ ನಿಮ್ಮ 42 ಡಿಗ್ರಿ ನಮಗೆ ಕಷ್ಟ ಅಲ್ಲ, ನಮ್ಮ 34 ಡಿಗ್ರಿ ನಿಮಗೆ ಕಷ್ಟ. ನಿಮ್ಮಲ್ಲಿ ನೆರಳಿಗೆ ಬಂದರೆ ಜೀವ ತಂಪಾಗುತ್ತದೆ. ಇಲ್ಲಿ ಬೆವರು ಆರುವುದೇ ಇಲ್ಲ.

ಹಿರಿಯೂರು:

ನಾನು ಜಾಸ್ತಿ ಬರೆಯುವುದಿಲ್ಲ. ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಹುಟ್ಟಿ ಬೆಳೆದು ತೀರಿಹೋದವರು ಎಷ್ಟೋ ಜನ ತಮ್ಮ ಊರಿನ ಅಣೆಕಟ್ಟು ತುಂಬಿದ್ದನ್ನು ನೋಡಲೇ ಇಲ್ಲ. ಆ ಸೆಪ್ಟೆಂಬರ್‌ನಲ್ಲಿ ಸುತ್ತಲ ಹಳ್ಳಿಯವರು ಟ್ರ್ಯಾಕ್ಟರ್ ಮಾಡಿಕೊಂಡು ಬಂದರು. ನಮ್ಮ ತಂದೆ ಕೋಡಿ ನೀರು ತಲೆಗೆ ಹಾಕಿಕೊಂಡು ಅತ್ತರು. ನಿಮ್ಮಪ್ಪನಿಗೆ ಇದನ್ನು ಓದಿ ಹೇಳಿ, ಅವರಿಗೆ ಅರ್ಥ ಆಗುತ್ತದೆ.

ಸಿಡ್ನಿಯ ಶೈಲಾ:

ಇಲ್ಲಿ ಕಾಲಗಳೇ ತಲೆಕೆಳಗು, ಅಲ್ವಾ? ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚುವಾಗ ಕಡು ಬೇಸಿಗೆ, ಬೆಲ್ಲದ ಅಚ್ಚು ಕೈಗೆ ಅಂಟುತ್ತದೆ. ಚಳಿಗೆ ಮೈಗೆ ಎಣ್ಣೆ ಅಂಶ ಬೇಕು ಅಂತ ಅಮ್ಮ ಹೇಳುತ್ತಿದ್ದ ಕಾರಣ ಇಲ್ಲಿ ಹೊಂದುವುದಿಲ್ಲ. ಯುಗಾದಿಗೆ ಚಿಗುರು ಬರುವ ಬದಲು ಎಲೆ ಉದುರುತ್ತವೆ. ದೀಪಾವಳಿಗೆ ಕತ್ತಲೆಯಾಗುವುದನ್ನು ಕಾಯುತ್ತಾ ಕೂರಬೇಕು. ಅಕ್ಟೋಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆದ್ದರಿಂದ ನವೆಂಬರ್‌ನಲ್ಲಿ ಸೂರ್ಯ ಮುಳುಗುವುದು ಏಳು ಗಂಟೆ ದಾಟಿದ ಮೇಲೆ. ಮಕ್ಕಳು ನಿದ್ದೆಗಣ್ಣಲ್ಲಿ ಹಣತೆ ಹಚ್ಚುತ್ತಾರೆ.

ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಹೂಬಿಡುವ ಜಕರಂದ ಇಲ್ಲಿ ನವೆಂಬರ್‌ನಲ್ಲಿ ಬಿಡುತ್ತದೆ. ಮನೆ ಹುಡುಕುವಾಗ ಎಲ್ಲರೂ ಉತ್ತರಕ್ಕೆ ಕಿಟಕಿ ಇದೆಯಾ ಅಂತ ಕೇಳುತ್ತಾರೆ, ವಾಸ್ತುವಿಗಲ್ಲ. ಇಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ಹೋಗುತ್ತಾನೆ, ಚಳಿಗಾಲದ ಬಿಸಿಲು ಆ ಕಡೆಯಿಂದಲೇ ಬರಬೇಕು. ಬಂದ ಹೊಸತರಲ್ಲಿ ನನಗೆ ದಿಕ್ಕೇ ತಪ್ಪಿದ ಹಾಗಿತ್ತು. ಹಬ್ಬವನ್ನು ಮಾತ್ರ ಊರಿನ ಪಂಚಾಂಗದಂತೆಯೇ ಮಾಡುತ್ತೇನೆ, ಹವಾಮಾನ ಒಪ್ಪದಿದ್ದರೂ ಸರಿ. ಅಲ್ಲಿ ಅಮ್ಮ ಮಾಡುವ ದಿನವೇ ನಾನೂ ಮಾಡಬೇಕು.

ಎರೆಹೊಲ:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಹಿರಿಯೂರಿನವರ ಮಾತು ಕೇಳಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಸಿಡ್ನಿಯಲ್ಲಿ ಸೂರ್ಯ ಬಡಗಣಕ್ಕೆ ಹೋಗುತ್ತಾನೆ ಎಂದಾಗ ಅಲ್ಲಿ ಬದುವಿನ ಗಿಡದ ನೆರಳು ಯಾವ ಕಡೆ ಬೀಳುತ್ತದೆ ಅಂತ ಕೇಳಿದರು. ನಾನೂ ಯೋಚನೆ ಮಾಡಿ ಹೇಳಬೇಕಾಯಿತು.

ಮಳೆ ನಿಲ್ಲಲಿ ಅಂತ ಕಾಯುವ ರೈತರಿದ್ದಾರೆ ಅನ್ನುವುದನ್ನು ಮಾತ್ರ ಅಪ್ಪ ಎರಡು ಸಲ ಓದಿಸಿದರು. ನಮ್ಮ ಊರಲ್ಲೂ ಕೆಡಿಸುವ ಮಳೆ ಇಲ್ಲ ಅಂತಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಬಂದು ದಂಡೆಯ ಹೊಲಗಳ ಬೆಳೆ ಹೋಯಿತು. ಆದರೆ ವರ್ಷ ವರ್ಷವೂ ಮಳೆಯ ಬಿಡುವಿಗಾಗಿ ಕಾಯುವುದು ಅವರಿಗೆ ಹೊಸದು. ಈಗ ಅವರಿಗೆ ಮಳೆಗಿಂತ ಹೆಚ್ಚಾಗಿ ಆ ದೋಟಿ ನೋಡುವ ಆಸೆ ಹುಟ್ಟಿದೆ.

ಹಾಗಾಗಿ ಪುಷ್ಯಕ್ಕೇ ಬರುತ್ತಾರೆ, ಆಗಸ್ಟ್ ಕೊನೆಗೆ ಮಘೆ ಮಳೆ ಮುಗಿಯುವುದರೊಳಗೆ ಹಿಂದಿರುಗಿದರೆ ಹಿಂಗಾರಿಗೆ ಹೊಲ ಹದ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಅವ್ವ ರೊಟ್ಟಿ ತರುವುದಿಲ್ಲವಂತೆ, ಜೋಳದ ಹಿಟ್ಟು ತಂದು ಇಲ್ಲೇ ಬಿಸಿ ರೊಟ್ಟಿ ಬಡಿಯುತ್ತೇನೆ ಎಂದಿದ್ದಾಳೆ. ಅಡಿಕೆಸೋಗೆ ಅವರೇ, ಎರಡನೇ ಸಲ ಔಷಧಿ ಹೊಡೆಯುವ ದಿನ ಹೊಳವು ಕಂಡರೆ ನನಗೂ ಒಂದು ಫೋನ್ ಮಾಡ್ತೀರಾ? ಅಪ್ಪನನ್ನು ಕರೆದುಕೊಂಡು ಬಂದುಬಿಡುತ್ತೇನೆ. ನಿಮ್ಮ ಮನೆಗೂ ರೊಟ್ಟಿ ತರುತ್ತೇವೆ. ಅವ್ವನಿಗೆ ಎಷ್ಟು ಜನಕ್ಕೆ ಅಂತ ಹೇಳಿದರೆ ಸಾಕು.

ಅಡಿಕೆಸೋಗೆ:

ಖಂಡಿತ. ಕೆಲಸದವರು ಸೇರಿ ಒಂಬತ್ತು ಜನ. ಚಟ್ನಿಪುಡಿಯನ್ನೂ ತನ್ನಿ.