ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನ ಓಡಿಸೋ ಸಾಫ್ಟ್‌ವೇರ್) ಜೊತೆ ಹಾಕಿದ್ದ ಎಕ್ಸ್‌ಟೆನ್ಶನ್ ಪ್ಯಾಕ್ ತೆಗೆದ್ಮೇಲೆ ವಿಎಂ (ಆ ಒಳಗಿನ ಕಂಪ್ಯೂಟರ್) ಏಳ್ತಿಲ್ಲ. ವರ್ಚುವಲ್‌ಬಾಕ್ಸ್ ಆಫೀಸಿಗೆ ಫ್ರೀನಾ, ಅಲ್ವಾ?

ತುಂಗಾತೀರ: ಫ್ರೀ ಅಂತ ಆಫೀಸಿನ ಎಲ್ಲ ಸಿಸ್ಟಮ್‌ಗೂ ಹಾಕಿದ್ದು. ಈಗ ಆಡಿಟ್‌ನವರು ಎಕ್ಸ್‌ಟೆನ್ಶನ್ ಪ್ಯಾಕ್ ತೆಗೀರಿ ಅಂದ್ರು. ಒಂದ್ರಲ್ಲಿ ತೆಗೆದೆ, ವಿಎಂ ಸ್ಟಾರ್ಟೇ ಆಗ್ತಿಲ್ಲ. ಜಿಎಸ್‌ಟಿ ಫೈಲಿಂಗ್ ನಿಂತಿದೆ. ಬೇಗ ಹೇಳಿ.

ಕರ್ನಲ್‌ಕಾಕಾ: ವರ್ಚುವಲ್‌ಬಾಕ್ಸನ್ನೇ ಕಿತ್ತೊಗೀರಿ. ಇದೇ ಕೆಲಸ ಮಾಡೋ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರ್‌ನಿಂದ ಕಂಪನಿಗಳಿಗೂ ಫ್ರೀ. ಅದರ ಕಂಪನಿ ಬ್ರಾಡ್‌ಕಾಮ್‌ನ ಪೋರ್ಟಲ್‌ನಲ್ಲಿ ಅಕೌಂಟ್ ಮಾಡಿ ಇಳಿಸ್ಕೊಳ್ಳಿ.

ರೂಟ್_ಮಲ್ನಾಡ್: ಕಾಕಾ, ಅವರು ಕೇಳಿದ್ದೇ ಬೇರೆ. ತುಂಗಾತೀರ ಅವರೇ, ವರ್ಷನ್ ಯಾವುದು, ಎರರ್ ಏನು?
ಲೈಸೆನ್ಸ್ ವಿಷ್ಯ: ಬೇಸ್ ಪ್ಯಾಕೇಜ್, ಅಂದ್ರೆ ಮುಖ್ಯ ವರ್ಚುವಲ್‌ಬಾಕ್ಸ್, ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸಲ್ಲಿದೆ (6.1ರ ತನಕ ವಿ2, 7.0ರಿಂದ ವಿ3). ಆಫೀಸಲ್ಲಿ ಎಷ್ಟಕ್ಕೆ ಹಾಕಿದ್ರೂ ದುಡ್ಡಿಲ್ಲ. ಪ್ಯಾಕ್ ಬೇರೆ ಫೈಲು, ಬೇರೆ ಲೈಸೆನ್ಸು, ಪಿಯುಇಎಲ್. ಸ್ವಂತ ಬಳಕೆಗೆ, ಪಾಠಕ್ಕೆ, ಹಾಕಿ ನೋಡೋದಕ್ಕೆ ಮಾತ್ರ. ಗೆಸ್ಟ್ ಅಡಿಶನ್ಸ್ (ವಿಎಂ ಒಳಗೆ ಹಾಕೋ ಡ್ರೈವರ್‌ಗಳು) ಬೇಸ್ ಜೊತೆಗೇ ಬರೋದು, ಅದನ್ನ ಮುಟ್ಟಬೇಡಿ.

ಬೈಟ್‌ಭಟ್ಟ: ಜಿಪಿಎಲ್ ಅಂದ್ರೆ ಒಳಗೆ ಓಡಿಸೋ ಸಾಫ್ಟ್‌ವೇರ್‌ನ ಸೋರ್ಸೂ ಕೊಡ್ಬೇಕು, ಹುಷಾರು.

ರೂಟ್_ಮಲ್ನಾಡ್: ಯಾರು ಹೇಳಿದ್ದು ಮಾರಾಯ್ರೆ? ವರ್ಚುವಲ್‌ಬಾಕ್ಸನ್ನೇ ತಿದ್ದಿ ಹೊರಗೆ ಹಂಚಿದ್ರೆ ಆ ಮಾತು. ಬರೀ ಬಳಸೋರಿಗೆ ಅದ್ಯಾವುದೂ ಅಂಟಲ್ಲ.

ಬೈಟ್‌ಭಟ್ಟ: ಸರಿ, ಹೈಪರ್-ವಿ (ವಿಂಡೋಸ್‌ನದೇ ವಿಎಂ ವ್ಯವಸ್ಥೆ) ಆನ್ ಆಗಿರ್ಬೇಕು ನೋಡಿ. ವಿಂಡೋಸ್ ಫೀಚರ್ಸ್‌ನಲ್ಲಿ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ವಿಎಂ ಕಿಟಕಿಯ ಕೆಳಗೆ ಹಸಿರು ಆಮೆ ಕಂಡ್ರೆ ಅದೇ ಕಾರಣ.

ತುಂಗಾತೀರ: ಹೋಸ್ಟ್ (ಹೊರಗಿನ ಸಿಸ್ಟಮ್) ಉಬುಂಟು ಲಿನಕ್ಸ್ 22.04 ಅಲ್ವಾ. ವಿಂಡೋಸ್ ಇರೋದು ಒಳಗೆ. ವರ್ಷನ್ 6.1. ಯುಎಸ್‌ಬಿ 2.0 ಕಂಟ್ರೋಲರ್ ನಾಟ್ ಫೌಂಡ್ ಅಂತಿದೆ. ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ) ವಿಎಂಗೇ ತಾನೇ ಕೊಡೋದು!

ರೂಟ್_ಮಲ್ನಾಡ್: ಇದನ್ನ ಮೊದಲೇ ಹಾಕಿದ್ರೆ ಆಮೆ ಹುಡುಕೋದು ತಪ್ಪುತ್ತಿತ್ತು. 6.1ರಲ್ಲಿ ಯುಎಸ್‌ಬಿ 2.0, 3.0 ಎರಡೂ ಪ್ಯಾಕ್ ಒಳಗಿದ್ವು. 7.0ರಲ್ಲಿ ಬೇಸ್‌ಗೆ ಬಂದ್ವು.
ಸದ್ಯಕ್ಕೆ: ಸೆಟ್ಟಿಂಗ್ಸ್, ಯುಎಸ್‌ಬಿ, 1.1 (ಓಎಚ್‌ಸಿಐ) ಆರಿಸಿ. ವಿಎಂ ಪೂರ್ತಿ ಆಫ್ ಆಗಿರ್ಬೇಕು. ಸೇವ್ಡ್ ಸ್ಟೇಟ್‌ನಲ್ಲಿದ್ರೆ (ಆಫ್ ಮಾಡದೆ ಅರ್ಧಕ್ಕೆ ನಿಲ್ಲಿಸಿಟ್ಟಿದ್ರೆ) ಆ ಆಯ್ಕೆ ಬದಲಾಗಲ್ಲ. ಸ್ಟೇಟ್ ಡಿಸ್ಕಾರ್ಡ್ ಮಾಡ್ಬೇಕು, ಒಳಗೆ ಸೇವ್ ಮಾಡದೆ ತೆರೆದಿಟ್ಟದ್ದೆಲ್ಲ ಹೋಗುತ್ತೆ. 1.1ರ ವೇಗ 12 ಎಂಬಿಪಿಎಸ್, ಟೋಕನ್‌ಗೆ ಧಾರಾಳ. ಪೆನ್‌ಡ್ರೈವ್ ಮಾತ್ರ ತೆವಳುತ್ತೆ.
ಆಮೇಲೆ ನಿಧಾನಕ್ಕೆ 7.0ಕ್ಕಿಂತ ಹೊಸ ವರ್ಷನ್‌ಗೆ ಹೋಗಿ, ಗೆಸ್ಟ್ ಅಡಿಶನ್ಸ್ ಕೂಡ ಹೊಸದು ಹಾಕಿ.
ಉಳಿದ ಸಿಸ್ಟಮ್‌ಗಳಲ್ಲಿ ಪ್ಯಾಕ್ ತೆಗೆಯೋ ಮುಂಚೆ ವಿಎಂಗೆ ಡಿಸ್ಕ್ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಬೀಗ) ಇದೆಯಾ ನೋಡಿ. ಇದ್ರೆ ಮೊದಲು ಡಿಕ್ರಿಪ್ಟ್ ಮಾಡಿ. ಪ್ಯಾಕ್ ಹೋದ್ಮೇಲೆ ಆ ಡಿಸ್ಕ್ ತೆರೆಯಲ್ಲ. ಪ್ಯಾಕನ್ನ ಆಪ್ಟ್‌ನಿಂದ (ಉಬುಂಟುವಿನ ಇನ್‌ಸ್ಟಾಲ್ ಕಮಾಂಡ್) ಹಾಕಿದ್ರೆ ಆಪ್ಟ್‌ನಿಂದಲೇ ಪರ್ಜ್ ಮಾಡಿ (ಪೂರ್ತಿ ಅಳಿಸಿ), ಇಲ್ಲಾಂದ್ರೆ ಮುಂದಿನ ಅಪ್‌ಡೇಟ್‌ಗೆ ಮತ್ತೆ ಬಂದು ಕೂರುತ್ತೆ.
ಒಳಗಿನ ವಿಂಡೋಸ್‌ಗೆ ಬೇರೆ ಲೈಸೆನ್ಸ್ ಬೇಕು, ಗೊತ್ತಲ್ಲ?

ತುಂಗಾತೀರ: ವಿಎಂ ಎದ್ದಿತು. ಟೋಕನ್ ಕೊಟ್ರೆ ಬ್ಯುಸಿ ಅಂತಿದೆ.

ರೂಟ್_ಮಲ್ನಾಡ್: ಹೋಸ್ಟ್‌ನಲ್ಲಿ ಪಿಸಿಎಸ್‌ಸಿಡಿ (ಸ್ಮಾರ್ಟ್‌ಕಾರ್ಡ್, ಟೋಕನ್ ನೋಡ್ಕೊಳ್ಳೋ ಪ್ರೋಗ್ರಾಂ) ಅದನ್ನ ಹಿಡ್ಕೊಂಡಿರುತ್ತೆ. ಅದರ ಸರ್ವಿಸ್, ಸಾಕೆಟ್ ಎರಡನ್ನೂ ಸ್ಟಾಪ್ ಮಾಡಿ. ಸರ್ವಿಸ್ ಒಂದನ್ನೇ ನಿಲ್ಲಿಸಿದ್ರೆ ಸಾಕೆಟ್ ಅದನ್ನ ಮತ್ತೆ ಎಬ್ಬಿಸುತ್ತೆ.

 

ಕರ್ನಲ್‌ಕಾಕಾ: ವರ್ಕ್‌ಸ್ಟೇಷನ್‌ನಲ್ಲಿ ಇದ್ಯಾವ ರಗಳೆನೂ ಇಲ್ಲ.

ರೂಟ್_ಮಲ್ನಾಡ್: ಉಬುಂಟು ಕರ್ನಲ್ ಅಪ್‌ಡೇಟ್ ಆಗಿ ವರ್ಕ್‌ಸ್ಟೇಷನ್‌ಗೆ ಬೇಕಾದ ವಿಎಂಮಾನ್ ಅನ್ನೋ ಕರ್ನಲ್ ಮಾಡ್ಯೂಲ್ ಕಂಪೈಲ್ ಆಗ್ದೆ ಕೂತಾಗ ಈ ಮಾತು ಹೇಳಿ ಕಾಕಾ.