1 ವರ್ಷ 9 ತಿಂಗಳ ಮಗನ ಜೊತೆ ಉಡುಪಿ ಕಡೆ ಪ್ರವಾಸ: ಹೋಟೆಲಲ್ಲಿ ಊಟ ಹೇಗೆ ಸುಧಾರಿಸುವುದು?

ಚಿನ್ನು ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಐದು ದಿನ ಉಡುಪಿ, ಕೊಲ್ಲೂರು, ಮುರುಡೇಶ್ವರ ಅಂತ ಹೊರಟಿದ್ದೇವೆ. ನಾನು, ಯಜಮಾನರು, ಅತ್ತೆ, ಮಾವ, ಮತ್ತೆ ಮಗ. ಕಾರಿನಲ್ಲಿ ಶಿರಾಡಿ ಘಾಟಿ ಇಳಿದು ಹೋಗುವುದು.

ಚಿಂತೆ ಇರುವುದು ಹೋಟೆಲ್ ಊಟದ್ದು. ಎರಡು ತಿಂಗಳ ಹಿಂದೆ ಮೈಸೂರಿನಲ್ಲಿ ಆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಭಾನುವಾರ ಮಧ್ಯಾಹ್ನ ಒಂದೂವರೆ. ಜಾಗ ಸಿಗುವುದಕ್ಕೇ ಇಪ್ಪತ್ತು ನಿಮಿಷ, ಊಟ ಬರುವುದಕ್ಕೆ ಇನ್ನೂ ಅರ್ಧ ಗಂಟೆ. ಅಷ್ಟರಲ್ಲಿ ಮಗ ಅತ್ತು ಅತ್ತು ಕೆಂಪಗಾಗಿದ್ದ. ಚಮಚ ಎಸೆದ, ನೀರಿನ ಲೋಟ ಉರುಳಿಸಿದ. ಪಕ್ಕದ ಟೇಬಲಿನವರೊಬ್ಬರು "ಇಷ್ಟು ಚಿಕ್ಕ ಮಕ್ಕಳನ್ನ ಯಾಕಾದ್ರೂ ಕರ್ಕೊಂಡು ಬರ್ತಾರೋ" ಅಂದರು. ನಾನು ಅವನನ್ನು ಎತ್ತಿಕೊಂಡು ಹೊರಗೆ ಬಂದೆ. ಎಲ್ಲರದ್ದೂ ಮುಗಿದ ಮೇಲೆ ಕಾರಿನಲ್ಲಿ ಕೂತು ತಣ್ಣಗಾದ ಪಾರ್ಸೆಲ್ ತಿಂದೆ. ಅವತ್ತು ನನಗೂ ಅಳು ಬಂತು.

ಅತ್ತೆ "ರೂಮಿನಲ್ಲೇ ಕುಕ್ಕರ್ ಇಟ್ಟು ಅನ್ನ ಮಾಡೋಣ" ಅಂತಾರೆ. ಯಜಮಾನರು "ಮೊಬೈಲ್ ಕೊಟ್ಟರೆ ಸುಮ್ನೆ ಕೂರ್ತಾನೆ" ಅಂತಾರೆ. ನನಗೆ ಎರಡೂ ಬೇಡ. ಅವನೂ ನಮ್ಮ ಜೊತೆ ಕೂತು, ಆ ಊರಿನ ಊಟ ರುಚಿ ನೋಡಬೇಕು ಅಂತ ಆಸೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಇಬ್ಬರು ಮಕ್ಕಳ ಅಪ್ಪ, ತುಮಕೂರು

ಮೊಬೈಲ್ ಬೇಡ ಅನ್ನುವ ನಿಮ್ಮ ಮಾತೇ ಸರಿ ಮೇಡಂ. ನಾವು ಗೋವಾ ಪ್ರವಾಸದಲ್ಲಿ ನಾಲ್ಕು ದಿನ ಕೊಟ್ಟೆವು. ಮನೆಗೆ ಬಂದ ಮೇಲೆ ದೊಡ್ಡವಳು ಅದಿಲ್ಲದೆ ಬಾಯೇ ತೆರೆಯಲಿಲ್ಲ. ಬಿಡಿಸುವುದಕ್ಕೆ ಮೂರು ತಿಂಗಳು ಬೇಕಾಯಿತು. ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಹಾಕಿ ತೆಗೆಯೋಕೆ ನಾಲ್ಕು ದೊಡ್ಡ ಚಮಚ ತಗೊಂಡು ಹೋಗಿ. ನಮ್ಮ ಎರಡನೆಯವನು ಅದರಲ್ಲೇ ಕಾಲು ಗಂಟೆ ಕಳೆಯುತ್ತಿದ್ದ.

ಹೋಟೆಲ್ ಮನೆ ಸೊಸೆ, ಕುಂದಾಪುರ

ತಂಗಿ, ಮೊದಲು ಒಂದು ಮಾತು. ಮೈಸೂರಿನಲ್ಲಿ ನಿಮ್ಮ ಮಗ ತಪ್ಪು ಮಾಡಲಿಲ್ಲ, ನೀವೂ ಮಾಡಲಿಲ್ಲ. ಹಸಿದ ಹೊಟ್ಟೆಯಲ್ಲಿ ಐವತ್ತು ನಿಮಿಷ ಕಾದರೆ ದೊಡ್ಡವರೇ ಸಿಡುಕುತ್ತಾರೆ. ಮಗು ಏನು ಮಾಡಬೇಕು ಹೇಳಿ.

ನಮ್ಮದು ಸಣ್ಣ ಸಸ್ಯಾಹಾರಿ ಹೋಟೆಲ್. ಮಾವನ ಕಾಲದ್ದು. 22 ವರ್ಷದಿಂದ ಗಲ್ಲಾದಲ್ಲಿ ಕೂತವಳು ನಾನು. ಅಲ್ಲಿಂದ ಎಲ್ಲ ಟೇಬಲ್ ಕಾಣುತ್ತದೆ. ಮಕ್ಕಳು ಊಟ ಇಷ್ಟ ಆಗಲಿಲ್ಲ ಅಂತ ಅಳುವುದು ಕಡಿಮೆ. ಕಾದು ಕಾದು ಅಳುವುದೇ ಜಾಸ್ತಿ. ಆ ಕಾಯುವುದನ್ನು ತಪ್ಪಿಸಿದರೆ ಅರ್ಧ ಕೆಲಸ ಆಯಿತು.

ಮಧ್ಯಾಹ್ನ 12ಕ್ಕೇ ಹೋಗಿ ಕೂತುಬಿಡಿ. ನಮ್ಮ ಕಡೆ ಅಷ್ಟೊತ್ತಿಗೆ ಊಟ ತಯಾರಿರುತ್ತದೆ, ಟೇಬಲ್ ಖಾಲಿ ಇರುತ್ತದೆ. ಒಂದರಿಂದ ಎರಡೂವರೆ ನೂಕುನುಗ್ಗಲು. ಮೂರಾದ ಮೇಲೆ ಸುಮಾರು ಹೋಟೆಲುಗಳಲ್ಲಿ ಅನ್ನವೇ ಇರುವುದಿಲ್ಲ, ತಿಂಡಿ ಕಾಫಿ ಅಷ್ಟೇ. ಡಿಸೆಂಬರ್ ಅಂದರೆ ಶಾಲೆ ಪ್ರವಾಸದ ಬಸ್ಸು, ಅಯ್ಯಪ್ಪ ಮಾಲೆಯವರ ಬಸ್ಸು ಎರಡೂ ಇರುವ ತಿಂಗಳು. ಹೋಟೆಲ್ ಮುಂದೆ ಎರಡು ಬಸ್ಸು ನಿಂತಿದ್ದರೆ ಕಾರು ನಿಲ್ಲಿಸಬೇಡಿ, ಮುಂದೆ ಹೋಗಿ.

ಕೂತ ತಕ್ಷಣ ಮೆನು ನೋಡಬೇಡಿ. ಸಪ್ಲೈಯರ್‌ಗೆ "ಮಗುವಿಗೆ ಮೊದಲು ಒಂದು ಬಟ್ಟಲು ಅನ್ನ, ಮೊಸರು ತಂದುಬಿಡಿ, ನಮ್ಮದು ಆಮೇಲೆ" ಅನ್ನಿ. ನಮ್ಮ ಹುಡುಗರು ಈ ಮಾತು ಕೇಳಿದರೆ ಓಡಿ ತರುತ್ತಾರೆ, ಅವರಿಗೂ ಊರಲ್ಲಿ ಮಕ್ಕಳಿದ್ದಾರೆ. ಬೆಳಿಗ್ಗೆಯಾದರೆ ಇಡ್ಲಿ ಹೇಳಿ, ಅದು ಬೆಂದೇ ಇರುತ್ತದೆ. ಮಸಾಲೆ ದೋಸೆ ಹೇಳಿದರೆ ಕಾವಲಿಯ ಸರದಿ ಬರುವವರೆಗೂ ಕಾಯಬೇಕು.

ಒಂದು ವಿಷಯ ಮರೆಯಬೇಡಿ. "ಅನ್ನ" ಅಂತ ಮಾತ್ರ ಅಂದರೆ ಇಲ್ಲಿ ಕೆಲವು ಕಡೆ ಕುಚ್ಚಲಕ್ಕಿ ಅನ್ನ ಬರುತ್ತದೆ. ದಪ್ಪ ಅಗುಳು. ಬೆಂಗಳೂರಿನ ಮಗುವಿಗೆ ಅಗಿಯುವುದು ಕಷ್ಟ. "ಬೆಳ್ತಿಗೆ ಅನ್ನ" ಅಂತ ಕೇಳಿ, ಅಂದರೆ ನಿಮ್ಮ ಕಡೆಯ ಬಿಳಿ ಅನ್ನ. ಗಂಜಿ ಸಿಕ್ಕಿದರೆ ಮಾತ್ರ ಕುಚ್ಚಲಕ್ಕಿಯದ್ದೇ ಕೊಡಿ, ಚೆನ್ನಾಗಿ ಬೆಂದಿರುತ್ತದೆ, ಹೊಟ್ಟೆಗೂ ಹಗುರ.

ಈ ಪ್ರಾಯಕ್ಕೆ ನೀರುದೋಸೆಯಷ್ಟು ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಅಕ್ಕಿ, ನೀರು, ಉಪ್ಪು ಅಷ್ಟೇ. ಹುಳಿ ಇಲ್ಲ, ಖಾರ ಇಲ್ಲ. ಬಟ್ಟೆಯ ಹಾಗೆ ಮಡಚಿ ಕೊಡುತ್ತಾರೆ. ಜೊತೆಗೆ ಕಾಯಿಬೆಲ್ಲ ಕೇಳಿ. ತುಂಡು ಮಾಡಿ ತಟ್ಟೆಯಲ್ಲಿ ಹರಡಿದರೆ ಮಗು ತಾನೇ ಎತ್ತಿ ತಿನ್ನುತ್ತದೆ. ಬನ್ಸ್ ಕೂಡ ಒಳ್ಳೆಯದು, ಬಾಳೆಹಣ್ಣು ಹಾಕಿ ಮಾಡುವುದು. ಎರಡು ಕಟ್ಟಿಸಿಕೊಂಡು ಚೀಲದಲ್ಲಿಟ್ಟರೆ ಸಂಜೆವರೆಗೂ ಮೆತ್ತಗಿರುತ್ತದೆ. ಗೋಳಿಬಜೆ, ಅಂದರೆ ಮೈದಾ ಬೋಂಡ, ಹೊರಗೆ ಆರಿದ ಹಾಗೆ ಕಂಡರೂ ಒಳಗೆ ಕುದಿಯುತ್ತಿರುತ್ತದೆ. ಹಸಿಮೆಣಸೂ ಇರುತ್ತದೆ. ಬಿಡಿಸಿ ನೋಡದೆ ಕೊಡಬೇಡಿ. ಗಡ್‌ಬಡ್ ಐಸ್‌ಕ್ರೀಂ ತಿನ್ನಿಸಬೇಕು ಅನ್ನಿಸಿದರೆ ಮೇಲಿನ ಐಸ್‌ಕ್ರೀಂ ಒಂದು ಚಮಚ ಸಾಕು. ಒಳಗಿನ ಗೋಡಂಬಿ, ಜೆಲ್ಲಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉಪ್ಪಿಟ್ಟು, ಪೊಂಗಲ್‌ನಲ್ಲಿ ಇಡೀ ಗೋಡಂಬಿ, ಮೆಣಸಿನಕಾಳು ಇದ್ದರೆ ಆರಿಸಿ ತೆಗೆಯಿರಿ.

ಈಗ ಹೇಳುವುದನ್ನು ಗಮನ ಇಟ್ಟು ಓದಿ. ಕೆಲವು ವರ್ಷದ ಹಿಂದೆ ನಮ್ಮ ಹೋಟೆಲಲ್ಲೇ ಆದದ್ದು. ಅಮ್ಮ ತೊಡೆ ಮೇಲೆ ಮಗುವನ್ನು ಕೂರಿಸಿಕೊಂಡು ಊಟಕ್ಕೆ ಕೂತಿದ್ದರು. ಸಾರು ಆಗಷ್ಟೇ ಬಡಿಸಿತ್ತು. ಮಗು ಬಾಳೆಎಲೆಯ ಅಂಚು ಹಿಡಿದು ಎಳೆಯಿತು. ಎಲೆ ಜಾರಿತು. ಅನ್ನ, ಬಿಸಿ ಸಾರು ಎಲ್ಲ ಆ ಪುಟ್ಟ ತೊಡೆ ಮೇಲೆ. ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಯಾರೋ ಟೂತ್‌ಪೇಸ್ಟ್ ಅಂದರು, ಯಾರೋ ಐಸ್ ಅಂದರು. ನಾನು ಎತ್ತಿಕೊಂಡು ಕೈತೊಳೆಯುವ ನಲ್ಲಿಯ ಕೆಳಗೆ ಹಿಡಿದೆ. ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟು, ಆಮೇಲೆ ಆಸ್ಪತ್ರೆಗೆ. ದೊಡ್ಡ ಗಾಯ ಆಗದೆ ಉಳಿಯಿತು.

ಅದಕ್ಕೇ ಹೇಳುತ್ತೇನೆ. ಮಗು ಕೂತ ಕಡೆ ಎಲೆ ಬೇಡ, ತಟ್ಟೆ ಕೇಳಿ. ಸಾರು, ಸಾಂಬಾರು, ಕಾಫಿ ಟೇಬಲಿನ ಆಚೆ ತುದಿಯಲ್ಲಿ. ಗೋಡೆ ಪಕ್ಕದ ಟೇಬಲ್ ಹಿಡಿಯಿರಿ, ಮಗು ಗೋಡೆ ಕಡೆ ಇರಲಿ. ನಡುದಾರಿಯಲ್ಲಿ ಹುಡುಗರು ಸಾಂಬಾರಿನ ಬಕೆಟ್ ಹಿಡಿದು ಓಡಾಡುತ್ತಾರೆ. ಅದು ಸರಿಯಾಗಿ ಮಗುವಿನ ತಲೆಯ ಮಟ್ಟಕ್ಕೆ ಬರುತ್ತದೆ.

ಕೊಲ್ಲೂರಿಗೆ ಹೋದಾಗ ದೇವಸ್ಥಾನದಲ್ಲೇ ಊಟ ಮಾಡಿ. ಉಡುಪಿ ಕೃಷ್ಣಮಠದಲ್ಲೂ ಅಷ್ಟೇ. ಪಂಕ್ತಿಯಲ್ಲಿ ಕೂತ ಮೇಲೆ ಬಡಿಸುವುದು ಬೇಗ. ನೆಲದ ಮೇಲೆ ಕೂತರೆ ಬೀಳುವ ಭಯ ಇಲ್ಲ. ಅತ್ತೆಯವರಿಗೂ ಸಮಾಧಾನ.

ಘಾಟಿಯದ್ದೂ ಹೇಳಿಬಿಡುತ್ತೇನೆ. ಸಕಲೇಶಪುರದಲ್ಲಿ ಹೊಟ್ಟೆ ತುಂಬಾ ತಿನ್ನಿಸಬೇಡಿ. ಹಾಸನದಲ್ಲಿ ಇಡ್ಲಿ ತಿನ್ನಿಸಿ, ಸ್ವಲ್ಪ ಹೊತ್ತು ಆಡಿಸಿ ಹೊರಡಿ. ಇಲ್ಲದಿದ್ದರೆ ತಿರುವಿನಲ್ಲಿ ವಾಂತಿ ಆಗುತ್ತದೆ.

ಚಿನ್ನು ಅಮ್ಮ

ಅಕ್ಕಾ, ನಿಮ್ಮ ಉತ್ತರ ಅತ್ತೆಗೆ ಓದಿ ಹೇಳಿದೆ. ಕುಕ್ಕರ್ ಬೇಡ ಅಂದರು! ಎರಡು ಸಂಶಯ. ಮಾವ ಪೂಜೆ ಮುಗಿಸದೆ ಊಟ ಮಾಡುವುದಿಲ್ಲ, ಒಂದೂವರೆ ಆಗುತ್ತದೆ. ಮತ್ತೆ ಮಗ ಕೆಳಗೆಲ್ಲ ಅನ್ನ ಚೆಲ್ಲುತ್ತಾನೆ. ನನಗೆ ತುಂಬಾ ಸಂಕೋಚ.

ಹೋಟೆಲ್ ಮನೆ ಸೊಸೆ, ಕುಂದಾಪುರ

ಮಾವನವರು ಅವರ ಹೊತ್ತಿಗೇ ಊಟ ಮಾಡಲಿ. ನೀವು, ಯಜಮಾನರು 12ಕ್ಕೆ ಮಗನ ಜೊತೆ ಊಟ ಮುಗಿಸಿ. ಒಂದೂವರೆಗೆ ಅವನು ನಿಮ್ಮ ಹೆಗಲ ಮೇಲೆ ನಿದ್ದೆ ಮಾಡುತ್ತಿರುತ್ತಾನೆ, ಹಿರಿಯರು ನಿಧಾನವಾಗಿ ಊಟ ಮಾಡಬಹುದು. ಎಲ್ಲರೂ ಒಟ್ಟಿಗೇ ಕೂರಲೇಬೇಕು ಅನ್ನುವುದನ್ನು ರಾತ್ರಿ ಏಳು ಗಂಟೆಯ ಊಟಕ್ಕೆ ಇಟ್ಟುಕೊಳ್ಳಿ.

ಚೆಲ್ಲಿದ್ದಕ್ಕೆ ಸಂಕೋಚ ಬೇಡ. ದೊಡ್ಡ ತುಂಡು ಇದ್ದರೆ ಕೈಯಲ್ಲಿ ಎತ್ತಿ ತಟ್ಟೆಗೆ ಹಾಕಿ. ಹೊರಡುವಾಗ ಟೇಬಲ್ ಒರೆಸುವ ಹುಡುಗನ ಕೈಗೇ ಇಪ್ಪತ್ತು ರೂಪಾಯಿ ಕೊಡಿ. ತಟ್ಟೆಯಲ್ಲಿ ಬಿಟ್ಟರೆ ಅವನಿಗೆ ಸಿಗುವುದಿಲ್ಲ.

ಚಿನ್ನು ಅಮ್ಮ

ನಿನ್ನೆ ರಾತ್ರಿ ವಾಪಸ್ ಬಂದೆವು. ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ. ಐದು ದಿನದಲ್ಲಿ ಒಂದು ಊಟ ಮಾತ್ರ ಕೆಟ್ಟಿತು. ಮುರುಡೇಶ್ವರದಲ್ಲಿ ಗೋಪುರದ ಲಿಫ್ಟ್ ಸಾಲಿನಲ್ಲಿ ತಡವಾಗಿ, ಊಟಕ್ಕೆ ಹೋದಾಗ ಎರಡು ಗಂಟೆ ದಾಟಿತ್ತು. ಚೀಲದಲ್ಲಿದ್ದ ಬನ್ಸ್ ಕಾಪಾಡಿತು. ಸಮುದ್ರ ನೋಡುತ್ತಾ ಒಂದೂವರೆ ತಿಂದ.

ಕೊಲ್ಲೂರಿನ ಪಂಕ್ತಿಯಲ್ಲಿ ಅಜ್ಜನ ಮಡಿಲಲ್ಲಿ ಕೂತು ಪಾಯಸ ತಿಂದ. ಮಾವ ಅವತ್ತು ಪೂಜೆ ಬೇಗ ಮುಗಿಸಿದ್ದರು.

ಉಡುಪಿಯಲ್ಲಿ ಕೊನೆಯ ದಿನ ಬೆಳಿಗ್ಗೆ ಏಳೂವರೆಗೇ ಹೋದೆವು. ಗೋಡೆ ಪಕ್ಕದ ಟೇಬಲ್. ಮೊದಲು ಅವನ ನೀರುದೋಸೆ ಬಂತು. ಒಂದು ತುಂಡು ಎತ್ತಿ, ಬೆಳಕಿಗೆ ಹಿಡಿದು ಅದರ ತೂತುಗಳನ್ನು ನೋಡಿದ. ಆಮೇಲೆ ಬಾಯಿಗೆ ಹಾಕಿಕೊಂಡ. ತಟ್ಟೆ ಖಾಲಿ ಮಾಡಿ, ಕಾವಲಿ ಕಡೆ ಕೈ ತೋರಿಸಿ "ದೋತೆ" ಅಂದ. ನಾವು ಹೇಳುವ ಮೊದಲೇ ಸಪ್ಲೈಯರ್ ಇನ್ನೊಂದು ತಂದಿಟ್ಟು, ಅವನ ಕೆನ್ನೆ ಮುಟ್ಟಿ ಹೋದರು. ನಾನು ಬಿಸಿ ಕಾಫಿ ಬಿಸಿಯಾಗಿರುವಾಗಲೇ ಕುಡಿದೆ ಅಕ್ಕಾ.